ಮೆಹಂದಿ ಕಲೆಯೋ, ಕೈಕೆಲಸವೋ?

ಸ್ಪರ್ಧೆಗಳ ಪಟ್ಟಿಯಲ್ಲಿ ಚಿತ್ರ ಬರೆಯುವುದು ‘ಕಲೆ’ ವಿಭಾಗದಲ್ಲಿರುತ್ತದೆ. ಮೆಹಂದಿ, ಕಸೂತಿ ‘ಕರಕುಶಲ’ದಲ್ಲಿರುತ್ತವೆ. ಎಂಟನೇ ತರಗತಿಯಿಂದ ಮೆಹಂದಿ ಹಾಕುತ್ತಿರುವ ನನಗೆ ಈ ವಿಂಗಡಣೆ ಸರಿ ಎನಿಸುವುದಿಲ್ಲ.

ಆರ್ಡರ್ ತೆಗೆದುಕೊಂಡು ಮಾಡಿದರೆ ಕಸುಬು, ಮನಸ್ಸಿಗೆ ತೋಚಿದ್ದನ್ನು ಮಾಡಿದರೆ ಕಲೆ ಎಂದು ಕೆಲವರು ಹೇಳುತ್ತಾರೆ. ಆದರೆ ನಮ್ಮ ಕಲಬುರಗಿಯಲ್ಲೇ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್‌ಗಳಿಗೆ ಚಿತ್ರ ಬರೆದವರು. ಅವು ಆರ್ಡರ್ ಕೆಲಸಗಳೇ. ಇಂದು ನಗರದ ರಂಗಮಂದಿರಕ್ಕೆ ಅವರ ಹೆಸರಿದೆ. ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಕಲಾ ವಿಭಾಗದಲ್ಲಿ. ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸುವುದೂ ಕೈಕೆಲಸವೇ ಅಲ್ಲವೇ?

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ಅದು ತಿಳಿದದ್ದು ಹೋದ ವರ್ಷ, ಕಮಲಾಪುರದಲ್ಲಿ ನಡೆದ ಖಾಲಾ ಮಗಳ ಮದುವೆಯಲ್ಲಿ. ದುಲ್ಹನ್ ಮೊಬೈಲಿನಲ್ಲಿ ತೋರಿಸಿದ ಡಿಸೈನನ್ನು ಮೂರು ತಾಸು ಕೂತು ಎರಡೂ ಕೈಗೆ ಇಳಿಸಿದೆ. ಒಂದು ಗೆರೆಯೂ ತಪ್ಪಲಿಲ್ಲ. ಎಲ್ಲರೂ ಹೊಗಳಿದರು. ಕೊನೆಗೆ ನಾನಿಯೂ ಕೈ ಚಾಚಿದರು. ಅಂಗೈ ತುಂಬ ಸುಕ್ಕು. ಸಣ್ಣ ಬಳ್ಳಿ ಹಾಕಿದರೆ ಸುಕ್ಕಿನಲ್ಲಿ ಕಳೆದುಹೋಗುತ್ತದೆ. ಮೊಬೈಲಿನ ಯಾವ ಡಿಸೈನೂ ಆ ಕೈಗೆ ಹೊಂದುವಂತಿರಲಿಲ್ಲ. ಸ್ವಲ್ಪ ಹೊತ್ತು ಕೈಯನ್ನೇ ನೋಡಿದೆ. ನಡುವೆ ಒಂದು ದುಂಡನೆಯ ಚಂದ್ರ ಹಾಕಿ, ಬೆರಳ ತುದಿಗಳನ್ನು ತುಂಬಿ, ಉಳಿದದ್ದನ್ನು ಖಾಲಿ ಬಿಟ್ಟೆ. ಹತ್ತೇ ನಿಮಿಷದ ಕೆಲಸ. ತಮ್ಮ ಅಮ್ಮಿಯೂ ಹೀಗೇ ಹಾಕುತ್ತಿದ್ದರು ಎಂದು ನಾನಿ ನಕ್ಕರು.

ನಾನು ಹಾಕಿದ್ದು ಹೊಸದೇನೂ ಅಲ್ಲ ಎಂದು ಆಗ ಗೊತ್ತಾಯಿತು. ಆದರೂ ಆ ಕೈಗೆ ಏನು ಬೇಕು, ಏನು ಬೇಡ ಎಂದು ತೀರ್ಮಾನಿಸಿದವಳು ನಾನೇ. ನನ್ನ ಲೆಕ್ಕದಲ್ಲಿ ಆ ತೀರ್ಮಾನವೇ ಕಲೆ. ಗೆರೆ ನಡುಗದಂತೆ ಎಳೆಯುವುದು ಕಸುಬು. ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯದಿದ್ದರೆ ಆ ಚಂದ್ರ ದುಂಡಗೆ ಬರುತ್ತಿರಲಿಲ್ಲ. ಎರಡೂ ಒಂದೇ ಕೈಯಲ್ಲಿ ಇರಬೇಕು.

ಆದ್ದರಿಂದ ನಮ್ಮ ಗುರುಗಳಲ್ಲಿ ಒಂದು ವಿನಂತಿ. ಮುಂದಿನ ಸ್ಪರ್ಧೆಯಲ್ಲಿ ಚಿತ್ರ, ಮೆಹಂದಿ, ಕಸೂತಿ ಮೂರನ್ನೂ ಒಂದೇ ವಿಭಾಗದಲ್ಲಿಡಿ. ಅರ್ಧ ಅಂಕ ಅಚ್ಚುಕಟ್ಟಿಗೆ, ಅರ್ಧ ಅಂಕ ಸ್ವಂತ ಯೋಚನೆಗೆ ಇರಲಿ. ಮೊಬೈಲ್‌ಗಳು ಕೋಣೆಯ ಹೊರಗೇ ಇರಲಿ. ಅದನ್ನು ನೋಡಿ ಬರೆದ ಸೂರ್ಯಾಸ್ತವೂ ನಾನು ದುಲ್ಹನ್ ಕೈಗೆ ಇಳಿಸಿದ ಡಿಸೈನಿನ ಹಾಗೆ ಕಾಪಿಯೇ ಅಲ್ಲವೇ?