ನಮ್ಮ ಪದಗಳಿಗೂ ಬಾಕು ಬೀಳಬೇಕೆ?



ಮೊನ್ನೆ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಅಕ್ಕನ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದ. ಕೈಯಲ್ಲಿ ಹೆಸರುಗಳ ಚೀಟಿ. ‘ಇವರೆಲ್ಲ ನಮ್ಮ ಅಂಕಲ್‌ಗಳು, ಒಟ್ಟಿಗೆ ಹಾಕಿಬಿಡಿ’ ಅಂದ. ‘ಇದರಲ್ಲಿ ಸೋದರಮಾವ ಯಾರಪ್ಪ? ದೊಡ್ಡಪ್ಪ ಯಾರು, ಚಿಕ್ಕಪ್ಪ ಯಾರು?’ ಎಂದೆ. ಹುಡುಗ ತಬ್ಬಿಬ್ಬು! ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ಒಂದೊಂದಾಗಿ ಗುರುತು ಹಾಕಿದ. ಎತ್ತಿ ಆಡಿಸಿದ ಮಾವನ ಮುಖ ಗೊತ್ತು, ಆ ಸಂಬಂಧದ ಹೆಸರು ಗೊತ್ತಿಲ್ಲ. ತಪ್ಪು ಅವನದಲ್ಲ. ಅವನಿಗೆ ಹಾಗೆ ಕಲಿಸಿದವರು ನಾವು.

ನಾವು ಯಾವ ಇಂಗ್ಲಿಷಿನಿಂದ ಈ ‘ಅಂಕಲ್’ ತಂದೆವೋ, ಆ ಇಂಗ್ಲಿಷಿಗೇ ‘ಅಂಕಲ್’ ಸ್ವಂತ ಪದವಲ್ಲ ಎಂದರೆ ನಂಬುತ್ತೀರಾ? ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಒಂದು ಪದವಿತ್ತು. ಮುಂದೆ ಅದು ‘ಈಮ್’ ಎಂದಾಯಿತು. ತಂದೆಯ ಅಣ್ಣತಮ್ಮಂದಿರಿಗೆ ಬೇರೆಯೇ ಪದ, ‘ಫೆದೆರ’. ತಂದೆಯ ಅಕ್ಕತಂಗಿಯರು ‘ಫಾದು’, ತಾಯಿಯ ಅಕ್ಕತಂಗಿಯರು ‘ಮೋದ್ರಿಯೆ’. ಥೇಟ್ ನಮ್ಮ ಹಾಗೆಯೇ ಸೋದರಮಾವ ಬೇರೆ, ಚಿಕ್ಕಪ್ಪ ಬೇರೆ, ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ!

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆಯಲ್ಲಿ ಫ್ರೆಂಚ್, ದೊಡ್ಡವರ ಮನೆಯಲ್ಲಿ ಫ್ರೆಂಚ್. ಇಂಗ್ಲಿಷ್ ಮಾತಾಡುವವನು ಹಳ್ಳಿ ಗಮಾರ! ಫ್ರೆಂಚಿನಿಂದ ‘ಅಂಕಲ್’, ‘ಆಂಟ್’ ಬಂದವು. ಕಾಲ ಕಳೆದಂತೆ ನಾಲ್ಕು ಪದಗಳು ಹೋಗಿ ಎರಡು ಉಳಿದವು. ದೊಡ್ಡವರ ಭಾಷೆಯನ್ನು ಅನುಕರಿಸಿ ಇಂಗ್ಲಿಷು ಕಳೆದುಕೊಂಡದ್ದನ್ನು ಇಂದು ನಾವು ಇಂಗ್ಲಿಷನ್ನು ಅನುಕರಿಸಿ ಕಳೆದುಕೊಳ್ಳುತ್ತಿದ್ದೇವೆ. ಇದಕ್ಕಿಂತ ನಗೆಪಾಟಲು ಬೇರೆ ಬೇಕೆ?

ಇನ್ನೂ ಇದೆ. 1535ರಲ್ಲಿ ಅಚ್ಚಾದ ಕವರ್‌ಡೇಲನ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಓವರ್‌ಮಾರೋ’ ಎಂಬ ಪದವಿದೆ. ಅರ್ಥ, ನಾಡಿದ್ದು. ಆ ಪದ ಬಳಕೆ ತಪ್ಪಿತು. ಈಗ ಇಂಗ್ಲಿಷಿನವನು ನಾಡಿದ್ದು ಎನ್ನಬೇಕಾದರೆ ‘ದಿ ಡೇ ಆಫ್ಟರ್ ಟುಮಾರೋ’ ಎಂದು ನಾಲ್ಕು ಪದ ಜೋಡಿಸಬೇಕು. ಹಾಗೆಯೇ ‘ದೌ’ ಎಂದರೆ ನೀನು. ಆತ್ಮೀಯರಿಗೆ, ಕಿರಿಯರಿಗೆ, ದೇವರಿಗೆ ಅದೇ ಮಾತು. ಅದೂ ದಿನಬಳಕೆಯಿಂದ ಜಾರಿತು. ಈಗ ಮಗುವಿಗೂ ‘ಯೂ’, ಮಂತ್ರಿಗೂ ‘ಯೂ’. ನಮ್ಮಲ್ಲಿ ನೀನು, ನೀವು ಎರಡೂ ಜೀವಂತ. ಮೊನ್ನೆ, ನಾಡಿದ್ದು ಎರಡೂ ಜೀವಂತ. ಹಾಗಾದರೆ ಬಡವರು ಯಾರು?

ಆದರೂ ಇಂಗ್ಲಿಷರಿಂದ ಕಲಿಯಬೇಕಾದದ್ದು ಇದೆ. ಅವರು ತಮ್ಮ ಭಾಷೆಯನ್ನು ಬಿಟ್ಟುಕೊಡಲಿಲ್ಲ. ಜನರಿಗೆ ಫ್ರೆಂಚ್ ತಿಳಿಯದು, ನ್ಯಾಯಾಲಯದಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು 1362ರಲ್ಲೇ ಕಾನೂನು ಮಾಡಿದರು. ಕಡತಗಳಲ್ಲಿ ಲ್ಯಾಟಿನ್ ಉಳಿದುಕೊಂಡಿತು. ಅದನ್ನೂ ತೆಗೆಯಲು 1731ರಲ್ಲಿ ಮತ್ತೊಂದು ಕಾನೂನು ಬೇಕಾಯಿತು. ಸುಮಾರು 370 ವರ್ಷಗಳ ಹಟ! 1963ರಲ್ಲಿ ನಮಗೂ ರಾಜ್ಯಭಾಷೆಯ ಕಾನೂನು ಬಂತು. ಕಾನೂನು ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಬೆನ್ನು ಹತ್ತಬೇಕು ಎಂಬ ಪಾಠ ಇಂಗ್ಲೆಂಡಿನಲ್ಲೇ ಇದೆ.

ಸತ್ತ ಪದಗಳನ್ನೂ ಅವರು ಬೀದಿಗೆ ಎಸೆಯಲಿಲ್ಲ. 1884ರಲ್ಲಿ ಮೊದಲ ಭಾಗ ಹೊರಬಂದು 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅವನ್ನೂ ಅರ್ಥಸಹಿತ ಕೂಡಿಟ್ಟರು. ಬಳಕೆ ತಪ್ಪಿದ ಪದದ ಮುಂದೆ ಒಂದು ಪುಟ್ಟ ಬಾಕುವಿನ ಗುರುತು. ಪ್ರೆಸ್ಸಿನವರಿಗೆ ಅದು ಗೊತ್ತಿರುವ ಮೊಳೆಯೇ, ಅಡಿಟಿಪ್ಪಣಿಗೆ ಬಳಸುತ್ತೇವೆ. ನಿಘಂಟಿನಲ್ಲಿ ಮಾತ್ರ ಅದು ಗೋರಿಯ ಕಲ್ಲು.

ಪಿಯುಸಿವರೆಗೆ ಓದಿ ಮೊಳೆ, ಮಸಿಗಳ ನಡುವೆ ಬೆಳೆದವನ ಮಾತು ಇಷ್ಟೇ. ಇಂಗ್ಲಿಷ್ ಕಲಿಯಬೇಡಿ ಎನ್ನುತ್ತಿಲ್ಲ. ಚೆನ್ನಾಗಿಯೇ ಕಲಿಯಿರಿ, ಕೆಲಸ ಹಿಡಿಯಿರಿ. ಎರವಲು ಪದವೆಲ್ಲ ಪಾಪವೂ ಅಲ್ಲ. ಬಸ್ಸು, ಪ್ರೆಸ್ಸು, ಫೋನು ನಮ್ಮವೇ ಆಗಿವೆ. ಇಲ್ಲದ್ದನ್ನು ತಂದರೆ ಗಳಿಕೆ. ಇದ್ದದ್ದನ್ನು ಹೊರಗೆ ಹಾಕಿ ತಂದರೆ ಅದು ದಿವಾಳಿ.

ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಬರಲಿ ಎಂದು ಬೀದಿಗಿಳಿಯುವ ಗೆಳೆಯರೇ, ಅದು ಆಗಲೇಬೇಕು. ಆದರೆ ಬೋರ್ಡಿಗೆ ಹೋರಾಡಿ ಮನೆಗೆ ಬಂದು ‘ಅಂಕಲ್ ಬಂದರು’ ಎಂದರೆ ಗೆದ್ದದ್ದೇನು? ಪದವನ್ನು ಕೊಲ್ಲಲು ಶತ್ರು ಬೇಕಿಲ್ಲ. ನಾವು ಆಡುವುದನ್ನು ಬಿಟ್ಟರೆ ಸಾಕು.

ಇಂದು ಸಂಜೆಯೇ ನಿಮ್ಮ ಅಮ್ಮನ ತಮ್ಮನಿಗೆ ಫೋನ್ ಮಾಡಿ. ಬಾಯಿ ತುಂಬ ‘ಮಾವಾ’ ಎನ್ನಿ. ಆ ಪದದ ಮುಂದೆ ಬಾಕು ಬೀಳದಂತೆ ಕಾಯುವವರು ನೀವೇ.