ಅವಿಭಾಜ್ಯ ಸಂಖ್ಯೆಯ ಗುಟ್ಟು ಇರುವುದು ಎಲ್ಲಿ?

ಅಂತರಜಾಲದ ಬ್ಯಾಂಕ್ ವ್ಯವಹಾರ, ಡಿಜಿಟಲ್ ಸಹಿ, ದೂರದ ಕಂಪ್ಯೂಟರಿಗೆ ಪ್ರವೇಶ ಇವುಗಳನ್ನು ದಶಕಗಳಿಂದ ಕಾಯುತ್ತ ಬಂದಿರುವ ವಿಧಾನಗಳಲ್ಲಿ ಆರ್‌ಎಸ್‌ಎ ಪ್ರಮುಖವಾದುದು. 1977ರಲ್ಲಿ ಇದನ್ನು ರೂಪಿಸಿದ ಮೂವರಲ್ಲಿ ಒಬ್ಬರಾದ ಲೆನಾರ್ಡ್ ಏಡಲ್‌ಮನ್ ಅನಂತರ ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವನ್ನು ಮರಳಿ ಬಿಡಿಸುವುದು ದುಸ್ಸಾಧ್ಯ. ಇದೇ ಅದರ ತಿರುಳು. ಕ್ವಾಂಟಮ್ ಗಣಕಗಳ ಭಯದಿಂದ ಈಗ ಇದರ ನಿವೃತ್ತಿಯ ಮಾತು ನಡೆದಿದೆ. ಆದರೆ ಇದುವರೆಗೆ ಮುರಿದುಬಿದ್ದ ಕೀಲಿಗಳಲ್ಲಿ ಬಹಳಷ್ಟು ಬೇರೊಂದು ಕಾರಣದಿಂದ ಮುರಿದಿವೆ.

ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಹುಡುಕುವುದು ಇಂದು ಕಷ್ಟವಲ್ಲ. 1952ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಸ್ವ್ಯಾಕ್ ಗಣಕ 157 ಅಂಕಿಗಳ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದದ್ದು ದಾಖಲೆಯಾಗಿತ್ತು. ಇಂದು ಕೈಯಲ್ಲಿರುವ ಫೋನು ಮುನ್ನೂರಕ್ಕೂ ಹೆಚ್ಚು ಅಂಕಿಗಳದನ್ನು ಅಲ್ಪ ಸಮಯದಲ್ಲಿ ಹುಡುಕಿಕೊಡುತ್ತದೆ. ತಂತ್ರಾಂಶವು ಯಾದೃಚ್ಛಿಕವಾಗಿ ಒಂದು ಬೆಸ ಸಂಖ್ಯೆಯನ್ನು ಆರಿಸಿ ಮಿಲ್ಲರ್–ರಾಬಿನ್ ಪರೀಕ್ಷೆಗೆ ಒಡ್ಡುತ್ತದೆ. ಸೋತರೆ ಇನ್ನೊಂದನ್ನು ನೋಡುತ್ತದೆ. ಆ ಗಾತ್ರದಲ್ಲಿ ಸರಾಸರಿ ಸುಮಾರು 355 ಬೆಸ ಸಂಖ್ಯೆಗಳಿಗೆ ಒಂದು ಅವಿಭಾಜ್ಯ ಸಿಗುತ್ತದೆ. 2008ರಲ್ಲಿ ಅದೇ ವಿಶ್ವವಿದ್ಯಾಲಯದ ಗಣಿತ ವಿಭಾಗದ ಗಣಕಗಳು 1,29,78,189 ಅಂಕಿಗಳ ಅವಿಭಾಜ್ಯವನ್ನು ಕಂಡುಕೊಂಡವು. ಕೀಲಿಯಾಗಿ ಅದಕ್ಕೆ ಕವಡೆಯ ಬೆಲೆಯೂ ಇಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತು. ಕೀಲಿಗೆ ಬೇಕಾದದ್ದು ದೊಡ್ಡತನವೊಂದೇ ಅಲ್ಲ, ಬೇರಾರೂ ಊಹಿಸಲಾಗದ ಆಯ್ಕೆ.

ಆಯ್ಕೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಸ್ಯಾನ್ ಡಿಯಾಗೋ ಎರಡು ಬಾರಿ ಲೆಕ್ಕ ಹಾಕಿ ತೋರಿಸಿದೆ. 2006ರಲ್ಲಿ ಡೆಬಿಯನ್ ಲಿನಕ್ಸಿನಲ್ಲಿ ಆದ ಸಣ್ಣ ಬದಲಾವಣೆಯಿಂದ, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದವು. 2008ರ ಮೇ ತಿಂಗಳಲ್ಲಿ ದೋಷ ಬಯಲಾಯಿತು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡ ಸಮೀಕ್ಷೆಯ ಪ್ರಕಾರ, ಆರಂಭದಲ್ಲಿ ದುರ್ಬಲ ಕೀಲಿ ಹೊಂದಿದ್ದ ಸರ್ವರ್‌ಗಳಲ್ಲಿ ಶೇಕಡಾ 30ರಷ್ಟು ಸುಮಾರು ಆರು ತಿಂಗಳಾದರೂ ಹಾಗೆಯೇ ಇದ್ದವು.

ಎರಡನೆಯದು 2012ರ ಅಧ್ಯಯನ. ಆಗ ಅದೇ ವಿಶ್ವವಿದ್ಯಾಲಯದಲ್ಲಿದ್ದ ನಾಡಿಯಾ ಹೆನಿಂಗರ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅಂತರಜಾಲದಿಂದ 1.1 ಕೋಟಿಗೂ ಹೆಚ್ಚು ಆರ್‌ಎಸ್‌ಎ ಗುಣಲಬ್ಧಗಳನ್ನು ಕಲೆಹಾಕಿ ಮ.ಸಾ.ಅ. ಕಂಡುಹಿಡಿದರು. 77 ಮತ್ತು 91 ಎರಡರಲ್ಲೂ 7 ಅಡಗಿದೆಯೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಎರಡು ಕೀಲಿಗಳು ಒಂದು ಅವಿಭಾಜ್ಯವನ್ನು ಹಂಚಿಕೊಂಡರೆ ಎರಡೂ ಹೀಗೆಯೇ ಬಿಚ್ಚಿಕೊಳ್ಳುತ್ತವೆ. ಸುರಕ್ಷಿತ ಜಾಲ ಸಂಪರ್ಕ ನೀಡುವ ಯಂತ್ರಗಳಲ್ಲಿ ಶೇಕಡಾ 0.5ರ, ಅಂದರೆ ಸುಮಾರು 64 ಸಾವಿರದ, ಗುಟ್ಟಿನ ಕೀಲಿ ಅವರ ಕೈಸೇರಿತು. ಅವುಗಳಲ್ಲಿ ಹೆಚ್ಚಿನವು ದೊಡ್ಡ ಜಾಲತಾಣಗಳಲ್ಲ. ರೂಟರ್, ಫೈರ್‌ವಾಲ್‌ನಂತಹ ಉಪಕರಣಗಳು. ಮೊದಲ ಬಾರಿ ಚಾಲೂ ಮಾಡಿದಾಗ ಇವುಗಳಲ್ಲಿ ಕೀಲಿಮಣೆಯ ಚಲನೆಯಿಲ್ಲ, ಹಳೆಯ ದಾಖಲೆಯಿಲ್ಲ. ಒಂದೇ ಸ್ಥಿತಿಯಿಂದ ಹೊರಟ ಸಾವಿರ ಯಂತ್ರಗಳು ಒಂದೇ ಅವಿಭಾಜ್ಯವನ್ನು ಆರಿಸಬಲ್ಲವು. ಸಾಕಷ್ಟು ಯಾದೃಚ್ಛಿಕತೆ ಒದಗುವವರೆಗೆ ಕಾಯುವ ಸೌಲಭ್ಯ 2014ರಲ್ಲಿ ಲಿನಕ್ಸಿಗೆ ಬಂದಿತು. ಆದರೂ 2016ರ ಮರುಪರಿಶೀಲನೆ ಇಂಥ ಕೀಲಿಗಳು ಇನ್ನೂ ವ್ಯಾಪಕವಾಗಿವೆಯೆಂದು ಕಂಡಿತು.

2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕ್ವಾಂಟಮ್ ದಾಳಿಯನ್ನು ತಡೆಯಬಲ್ಲ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು. ಅದೇ ನವೆಂಬರಿನ ಕರಡಿನಲ್ಲಿ 2035ರ ನಂತರ ಆರ್‌ಎಸ್‌ಎ ಬಳಕೆಯನ್ನು ನಿಲ್ಲಿಸುವ ಸೂಚನೆಯಿದೆ. ಹೊಸ ವಿಧಾನಗಳಿಗೆ ಗುಟ್ಟಿನ ಅವಿಭಾಜ್ಯಗಳು ಬೇಡ. ಯಾದೃಚ್ಛಿಕ ಬೀಜ ಮಾತ್ರ ಅವಕ್ಕೂ ಬೇಕೇ ಬೇಕು. ಬೀಜ ಹುಳುಕಾದರೆ ಯಾವ ಗಣಿತವೂ ಫಲ ಕೊಡದು. ಮನೆಯ ರೂಟರಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು, ಅದಕ್ಕೆ ತಯಾರಕರ ಬೆಂಬಲ ನಿಂತಾಗ ಬದಲಿಸುವುದು ಸಾಮಾನ್ಯ ಬಳಕೆದಾರರ ಕೈಯಲ್ಲಿರುವ ರಕ್ಷಣೆ. ಉಳಿದುದು ತಯಾರಕರ ಹೊಣೆ. 2008ರಲ್ಲೂ 2016ರಲ್ಲೂ ತಡವಾದದ್ದು ಗಣಿತವಲ್ಲ, ದುರಸ್ತಿ.