ನಾಲಿಗೆಗೆ ಗೊತ್ತಾಗದ ನೀರು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಇಂಡಸ್ಟ್ರಿಯಲ್ ವಿಸಿಟ್ ಇದ್ದಿದ್ದು ಪಾವಗಡದ ಸೋಲಾರ್ ಪಾರ್ಕಿಗೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಫೋಟೋ ತೆಗೆದು ತೆಗೆದು ಸುಸ್ತಾಗಿ, ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಗೆಳೆಯನ ಮನೆಗೆ ಊಟಕ್ಕೆ ಹೋದ್ವಿ. ಅಂಗಳದ ನಲ್ಲಿಗೆ ಕೈಯೊಡ್ಡಿ ನೀರು ಕುಡಿಯುತ್ತಿದ್ದಾಗ ಅವನ ಅಜ್ಜಿ ಕೂಗಿದರು: "ಅದು ಬ್ಯಾಡ್ರಪ್ಪಾ, ಒಳಗೆ ಕ್ಯಾನ್ ನೀರೈತೆ."

"ಚೆನ್ನಾಗೇ ಇದೆಯಲ್ಲಜ್ಜಿ?" ಅಂದ್ವಿ.

"ಚೆನ್ನಾಗೈತೆ ಅಂತಾನೇ ನಲವತ್ತು ವರ್ಷ ಕುಡಿದಿದ್ದು" ಅಂದರು. ನಮ್ಮ ಕಡೆ ನೋಡೋಕೆ ಅವರು ಕತ್ತು ತಿರುಗಿಸಲಿಲ್ಲ, ಇಡೀ ಮೈಯನ್ನೇ ತಿರುಗಿಸಿದರು. ಡಾಕ್ಟರು ಅದನ್ನು ಫ್ಲೋರೋಸಿಸ್ ಅಂದಿದ್ದಾರೆ ಅಂತ ಗೆಳೆಯ ಆಮೇಲೆ ಹೇಳಿದ.

ವಾಪಸ್ ಬರುವಾಗ ಮಧುಗಿರಿ ದಾಟಿ ಸಿದ್ಧರಬೆಟ್ಟ ಹತ್ತಿದ್ವಿ. ಗಿಡಮೂಲಿಕೆಗೆ ಹೆಸರಾದ ಬೆಟ್ಟ. ಗುಹೆಯ ತಣ್ಣನೆಯ ಚಿಲುಮೆ ನೀರು ಕುಡಿದು "ಅಬ್ಬಾ, ಇದಪ್ಪ ಸೀ ನೀರು" ಅಂತ ಬಾಟಲಿ ತುಂಬಿಸಿಕೊಂಡ್ವಿ. ಬಸ್ಸಿನಲ್ಲಿ ಕೂತಾಗ ಒಬ್ಬಳು ಕೇಳಿದಳು: "ಮಧ್ಯಾಹ್ನದ ನೀರೂ ಚೆನ್ನಾಗೇ ಇತ್ತಲ್ವಾ? ಹಾಗಾದ್ರೆ ಇದು ಒಳ್ಳೇದು ಅಂತ ಹೇಗೆ ಗೊತ್ತು?" ಯಾರ ಹತ್ತಿರಾನೂ ಉತ್ತರ ಇರಲಿಲ್ಲ. ಈ ಬರಹ ಶುರುವಾಗಿದ್ದು ಆ ಪ್ರಶ್ನೆಯಿಂದ.

ನಮ್ಮ ವಾದ ಇಷ್ಟೇ. ನೀರಿನ ವಿಷಯದಲ್ಲಿ ನಾಲಿಗೆಯನ್ನು ನಂಬೋದನ್ನು ನಾವು ಬಿಡಬೇಕು.

ನಾಲಿಗೆ ಕೆಟ್ಟ ಸೆನ್ಸರ್ ಅಲ್ಲ. ಉಪ್ಪಿನ ಸೋಡಿಯಂ, ಹುಳಿಯ ಆಮ್ಲ, ಸಿಹಿ, ಕಹಿ, ಉಮಾಮಿ ಇಷ್ಟನ್ನೂ ಗುರುತಿಸೋ ಕೋಶಗಳು ರುಚಿಮೊಗ್ಗುಗಳಲ್ಲಿವೆ. ಅಲ್ಲಿ ಹುಟ್ಟಿದ ಸಂಕೇತ ನರಗಳ ಮೂಲಕ ಮೆದುಳುಕಾಂಡಕ್ಕೆ, ಅಲ್ಲಿಂದ ಥಲಾಮಸ್‌ಗೆ, ಕೊನೆಗೆ ಮೆದುಳಿನ ಹೊರಪದರಕ್ಕೆ ಹೋಗುತ್ತೆ. ಆಗ ನಮಗೆ "ಉಪ್ಪು" ಅಂತ ಅನ್ನಿಸೋದು. ಆದರೆ ಯಾವ ವಸ್ತುವಿಗೆ ಸೆನ್ಸರ್ ಇಲ್ಲವೋ ಅದರ ಬಗ್ಗೆ ಮೆದುಳಿಗೆ ಸುದ್ದಿಯೇ ಹೋಗಲ್ಲ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಇರಬಹುದು ಅನ್ನುತ್ತೆ ಭಾರತೀಯ ಮಾನಕ ಐಎಸ್ 10500. ಅದರ ಎರಡು ಮೂರು ಪಟ್ಟು ಇದ್ದರೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಹಳ್ಳಿಯಲ್ಲಿ ಇನ್ನೊಂದು ಪರೀಕ್ಷೆ ಇದೆ: ಬೇಳೆ ಬೇಯುತ್ತಾ, ಸೋಪು ನೊರೆ ಬರುತ್ತಾ? ಇದು ಗಡಸುತನದ ಪರೀಕ್ಷೆ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ. ತಮಾಷೆ ಏನಪ್ಪಾ ಅಂದ್ರೆ, ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆತ್ತಗಿನ ನೀರಲ್ಲೇ ಅದು ಹೆಚ್ಚು ಕರಗಿ ಉಳಿಯಬಲ್ಲದು. ಹಾಗಾಗಿ ಬೇಳೆ ಚೆನ್ನಾಗಿ ಬೇಯೋ ನೀರೂ ನಮ್ಮನ್ನು ಮೋಸ ಮಾಡಬಹುದು. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತೆ.

ನಾಲಿಗೆ ಹೇಳದಿದ್ದರೆ ನರಗಳಾದರೂ ಹೇಳಬೇಕಲ್ವಾ? ಹೇಳುತ್ತವೆ, ಆದರೆ ತುಂಬಾ ತಡವಾಗಿ. ದೇಹ ಸೇರಿದ ಫ್ಲೋರೈಡಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗುತ್ತೆ, ಒಂದಷ್ಟು ಮೂಳೆ, ಹಲ್ಲು ಸೇರುತ್ತೆ. ಮಕ್ಕಳಲ್ಲಿ ಹಲ್ಲಿನ ಎನಾಮೆಲ್ ರೂಪುಗೊಳ್ಳುವ ವಯಸ್ಸಲ್ಲಿ ಬಿಳಿ, ಕಂದು ಗೆರೆಗಳು ಬೀಳುತ್ತವೆ. ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ದಪ್ಪವಾಗುತ್ತೆ, ಅದರ ಕಟ್ಟುಗಳೂ ಗಟ್ಟಿಯಾಗುತ್ತವೆ. ಒಳಗಿನ ಕಾಲುವೆ ಕಿರಿದಾಗಿ, ಬೆನ್ನುಹುರಿ ಮತ್ತು ನರದ ಬೇರುಗಳು ಒತ್ತಿಹೋಗಬಹುದು. ಆಗ ಕೈಕಾಲು ಜೋಮು, ಬಿಗಿತ, ನಡಿಗೆಯಲ್ಲಿ ತಡವರಿಕೆ. ಅಷ್ಟೊತ್ತಿಗೆ ಮನೆಯವರು "ವಾಯು ಇರಬೇಕು, ವಯಸ್ಸಾಯ್ತಲ್ಲ" ಅಂದಿರುತ್ತಾರೆ. ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡೋ ಔಷಧಿ ಇಲ್ಲ. ಬೆಟ್ಟದ ಮೂಲಿಕೆಯಲ್ಲೂ ಇಲ್ಲ, ಮೆಡಿಕಲ್ ಶಾಪಲ್ಲೂ ಇಲ್ಲ.

ಇದು ಹೊಸ ಸುದ್ದಿಯೂ ಅಲ್ಲ. ನೆಲ್ಲೂರು ಕಡೆಯ ಇಂಥ ರೋಗಿಗಳ ಬಗ್ಗೆ ವೈದ್ಯರು 1937ರಲ್ಲೇ ಬರೆದಿದ್ದರು. ಪಾವಗಡದ್ದೂ ಅದೇ ಕಥೆ: ಗ್ರಾನೈಟ್ ನೆಲ, ಕಡಿಮೆ ಮಳೆ, ಆಳಕ್ಕೆ ಇಳಿದ ಬೋರ್‌ವೆಲ್.

"ಈಗ ಆರ್‌ಒ ಘಟಕ ಇದೆಯಲ್ಲ, ತುಂಗಭದ್ರಾ ನೀರಿನ ಯೋಜನೆ ಇದೆಯಲ್ಲ" ಅಂತ ಕೇಳಬಹುದು. ಇರಲಿ, ಎರಡೂ ಬೇಕು. ಆದರೆ ಘಟಕದ ಮೆಂಬ್ರೇನ್ ಹಳತಾದ ದಿನ ನಾಲಿಗೆಗೆ ಗೊತ್ತಾಗುತ್ತಾ? ನಾವು ಜಂಬದಿಂದ ಅದ್ದಿ ನೋಡೋ ಟಿಡಿಎಸ್ ಮೀಟರಿಗೂ ಅದು ನೇರವಾಗಿ ಗೊತ್ತಾಗಲ್ಲ. ಅದು ಅಳೆಯೋದು ನೀರಿನ ವಿದ್ಯುತ್ ವಾಹಕತೆಯನ್ನು. 500 ಅಂತ ತೋರಿಸಿದಾಗ ಅದರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದೆಯೋ ಮೂರು ಇದೆಯೋ, ಮೀಟರಿಗೂ ನಮ್ಮಷ್ಟೇ ಗೊತ್ತು! ಆದ್ದರಿಂದ ಪ್ರತಿ ಘಟಕದ ಮುಂದೆ, ಪ್ರತಿ ಬೋರ್‌ವೆಲ್ ಪಕ್ಕ, ಫ್ಲೋರೈಡ್ ಎಷ್ಟು, ಯಾವತ್ತು ಅಳೆದಿದ್ದು ಅಂತ ಬೋರ್ಡ್ ಹಾಕಬೇಕು. ಬಸ್ಸಿನ ಟೈಮು ಬರೆಯೋ ಹಾಗೆ, ಎಲ್ಲರಿಗೂ ಕಾಣೋ ಹಾಗೆ.

ಪಂಚಾಯ್ತಿಯನ್ನು ಬೈದು ಸುಮ್ಮನಾಗೋದು ಸುಲಭ. ನಮ್ಮ ಪಾಲೂ ಇದೆ. ಸಿವಿಲ್ ಲ್ಯಾಬಲ್ಲಿ ಸ್ಪ್ಯಾಡ್ನ್ಸ್ ವಿಧಾನ ಇದೆ. ಫ್ಲೋರೈಡ್ ಇದ್ದಷ್ಟೂ ಕೆಂಪು ದ್ರಾವಣದ ಬಣ್ಣ ತಿಳಿಯಾಗುತ್ತೆ, ಆ ವ್ಯತ್ಯಾಸವನ್ನು ಸ್ಪೆಕ್ಟ್ರೋಫೋಟೋಮೀಟರ್ ಓದುತ್ತೆ. ನಾವದನ್ನು ರೆಕಾರ್ಡ್ ಬುಕ್ಕಿಗೋಸ್ಕರ ಮಾಡಿ, ವೈವಾದಲ್ಲಿ ಬಾಯಿಪಾಠ ಒಪ್ಪಿಸಿ ಮರೆತ್ವಿ. ಫೈನಲ್ ಇಯರ್ ಬಂದರೆ ಮತ್ತೆ ಅದೇ ಸ್ಮಾರ್ಟ್ ಡಸ್ಟ್‌ಬಿನ್! ದೇಹದಲ್ಲಿ ಇಲ್ಲದ ಸೆನ್ಸರನ್ನು ಹೊರಗೆ ಮಾಡಿ ಕೊಡೋದೇ ಅಲ್ವಾ ಎಂಜಿನಿಯರ್ ಕೆಲಸ?

ಹಬ್ಬದ ರಜೆಗೆ ಊರಿಗೆ ಹೋಗ್ತೀರಲ್ಲ, ಮನೆ ಬೋರ್‌ವೆಲ್ಲಿನ ಅರ್ಧ ಲೀಟರ್ ನೀರು ತನ್ನಿ. ಪ್ಲಾಸ್ಟಿಕ್ ಬಾಟಲಿಯಲ್ಲೇ ತನ್ನಿ, ಫ್ಲೋರೈಡ್ ಗಾಜಿನ ಜೊತೆ ವರ್ತಿಸಬಹುದು. ಮೇಲೆ ಊರು, ತಾರೀಖು ಬರೆದಿರಲಿ. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಿಯದಾದರೂ ಸರಿ. ಸಿದ್ಧರಬೆಟ್ಟದಿಂದ ತಂದ ಬಾಟಲಿಯಲ್ಲಿ ಇನ್ನೂ ಸ್ವಲ್ಪ ನೀರಿದೆ. ಮೊದಲು ಅದನ್ನೇ ಅಳೆಯೋಣ.